ಫಾರಮ್ಮಿನಲ್ಲಿ ಬರೆದ ‘ಇಲ್ಲ’

ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಶಾಕಿರಾ “ಹೂಂ” ಅಂದಳು. ಅಷ್ಟೇ. ಮುಬಶಿರ್ ನಿಕಾಹ್ ಮಾತೆತ್ತಿ ಎಂಟು ತಿಂಗಳಾಗಿತ್ತು. ಆ ಒಂದು ಹೂಂಗೆ ಅವನ ಮುಖ ನೋಡಬೇಕಿತ್ತು ಮಾರಾಯ್ರೆ!

“ಇನ್ನೊಂದ್ಸಲ ಹೇಳು. ಗಲಾಟೇಲಿ ಕೇಳಲಿಲ್ಲ.”

“ಕೇಳಿದ್ದಕ್ಕೇ ಕಿವಿ ಕೆಂಪಾಗಿದೆ. ಸುಮ್ಮನೆ ಕೂತ್ಕೋ.”

ಅವನು ಕಿಟಕಿ ಕಡೆ ತಿರುಗಿ ನಕ್ಕ. ಗಾಜಿನಲ್ಲಿ ತನ್ನನ್ನೇ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ದುಪಟ್ಟಾ ಸರಿಮಾಡಿಕೊಂಡಳು. ಗಂಡ ಅಜ್ಮತ್ ಬೈಕಿನಿಂದ ಬಿದ್ದು ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಮಗಳು ಇಶ್ರತ್‌ಳನ್ನು ಸ್ಕೂಲಿಗೆ ಬಿಟ್ಟು, ಅವಳು ಒಂದು ಕಡೆ ಕೂರುವುದಿಲ್ಲವೆಂದು ಟೀಚರ್ ಕೈಲಿ ಬೈಸಿಕೊಂಡು ಬರುವವನು ಗಂಡನ ಈ ತಮ್ಮನೇ. ಅಂಥವನನ್ನು ಪ್ರೀತಿಸದೆ ಇರುವುದು ಹೇಗೆ?

ಮುಂದಿನ ಸೀಟಿನಲ್ಲಿ ಕುಣಿಯುತ್ತಿದ್ದ ಇಶ್ರತ್‌ಗೆ ಎಂಟು ವರ್ಷ. ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಅಂದಿದ್ದರು ಡಾಕ್ಟರ್ ಶ್ರೀವಾಣಿ. ಇವತ್ತು ಮಾತ್ರೆ ಶುರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ಹೋದ ತಿಂಗಳ ಫಾರಂ ತೆಗೆದರು. ಮನೆಯವರ ಕಾಯಿಲೆಗಳ ಸಾಲಿನಲ್ಲೆಲ್ಲ ‘ಇಲ್ಲ’ ಎಂದು ಅದನ್ನು ತುಂಬಿದ್ದವನು ಮುಬಶಿರ್.

“ಈ ಮಾತ್ರೆಗೆ ಎದೆಬಡಿತ ಸ್ವಲ್ಪ ಏರ್ತದೆ. ಅದಕ್ಕೇ ಮತ್ತೊಮ್ಮೆ ಕೇಳ್ತೇನೆ. ಓಡುವಾಗ ಮಗು ತಲೆಸುತ್ತಿ ಬಿದ್ದದ್ದುಂಟಾ?”

“ಇಲ್ಲ ಮೇಡಂ,” ಅಂದಳು ಶಾಕಿರಾ.

“ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ? ಸಣ್ಣ ವಯಸ್ಸಲ್ಲಿ ದಿಢೀರ್ ಸಾವು?”

“ಇವಳಪ್ಪ ಹೋದದ್ದು ಆಕ್ಸಿಡೆಂಟಲ್ಲಿ. ಬೇರೆ ಎಂತದೂ ಇಲ್ಲ,” ಅಂದಳು ಅವಳೇ.

ಡಾಕ್ಟರು ಚೀಟಿ ಎಳೆದುಕೊಂಡರು.

“ಬರೀಬೇಡಿ,” ಅಂದ ಮುಬಶಿರ್. ಚೀಟಿಯ ಮೇಲೆ ಕೈಯಿಟ್ಟ. “ಅಣ್ಣ ಬಿದ್ದು ಪ್ರಜ್ಞೆ ತಪ್ಪಿದ್ದಲ್ಲ. ಪ್ರಜ್ಞೆ ತಪ್ಪಿ ಬಿದ್ದದ್ದು. ಮದುವೆಗೆ ಮೊದಲೇ ಎರಡು ಸಲ ಹಾಗಾಗಿತ್ತು. ಎದೆಬಡಿತ ತಾಳ ತಪ್ತದೆ ಅಂತ ಮಂಗಳೂರಲ್ಲಿ ಹೇಳಿದ್ರು. ಹೆಣ್ಣಿನ ಕಡೆಯವರಿಗೆ ಗೊತ್ತಾದ್ರೆ ಸಂಬಂಧ ತಪ್ತದೆ ಅಂತ ಅಮ್ಮ ನಮ್ಮೆಲ್ಲರ ಬಾಯಿ ಮುಚ್ಚಿಸಿದ್ರು.”

ಶಾಕಿರಾ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. ಡಾಕ್ಟರು ಪೆನ್ನು ಕೆಳಗಿಟ್ಟರು.

“ಇದು ಅಪ್ಪನಿಂದ ಮಗುವಿಗೂ ಬಂದಿರಬಹುದು. ಮಾತ್ರೆ ಇವತ್ತು ಬೇಡ. ಇಸಿಜಿ, ಎಕೋ ಆಗಲಿ, ಹಾರ್ಟ್ ಡಾಕ್ಟರ್ ನೋಡಲಿ. ಆಮೇಲೆ ಯೋಚಿಸೋಣ. ಈಗಲಾದ್ರೂ ಹೇಳಿದ್ರಲ್ಲ.”

ಬಸ್ ಸ್ಟ್ಯಾಂಡಿನಲ್ಲಿ ಶಾಕಿರಾ ಅವನತ್ತ ತಿರುಗಿದಳು.

“ನನ್ನ ಮದುವೇಲಿ ನೀನು ಅಮ್ಮನ ಮಾತು ಕೇಳಿದೆ, ಸರಿ. ಹೋದ ತಿಂಗಳು ಫಾರಂ ತುಂಬುವಾಗ ನಿನ್ನ ಬಾಯಿ ಮುಚ್ಚಿದ್ದು ಯಾರು?”

“ಹೆದರಿಕೆ. ಮನೆಯವರೆಲ್ಲ ಸೇರಿ ಮೋಸ ಮಾಡಿದ್ರು ಅಂತ ಗೊತ್ತಾದ್ರೆ ನೀನು ನನಗೆ ಹೂಂ ಅನ್ನೋದಿಲ್ಲ ಅಂತ.”

“ನನ್ನ ಹೂಂಗೋಸ್ಕರ ನನ್ನ ಮಗಳ ಜೀವ ಪಣಕ್ಕಿಟ್ಟೆಯಾ!”

“ಕಡೇ ಗಳಿಗೇಲಿ ಹೇಳಿದೆನಲ್ಲ, ಶಾಕಿರಾ. ನಿನ್ನ ಮೇಲಿನ ಪ್ರೀತಿ ಸುಳ್ಳಲ್ಲ.”

“ಗೊತ್ತು. ಅದಕ್ಕೇ ಹೊಟ್ಟೆ ಇಷ್ಟು ಉರಿಯೋದು.”

ಊರಿಗೆ ಹೋಗುವ ನರಸಿಂಹರಾಜಪುರದ ಬಸ್ಸು ಬಂತು. ಇಶ್ರತ್ ಚಿಕ್ಕಪ್ಪನ ಕೈ ಹಿಡಿದು ಎಳೆಯುತ್ತಿದ್ದಳು. ಶಾಕಿರಾ ಆ ಪುಟ್ಟ ಕೈಯನ್ನು ಮೆಲ್ಲಗೆ ಬಿಡಿಸಿದಳು.

“ಇನ್ನೂ ಎಂತಾದ್ರೂ ಮುಚ್ಚಿಟ್ಟಿದ್ದೀಯಾ?”

“ಅಲ್ಲಾಹನಾಣೆ, ಇಲ್ಲ.”

“ಫಾರಮ್ಮಿನಲ್ಲೂ ನೀನು ಇದನ್ನೇ ಬರೆದದ್ದು,” ಅಂದಳು. ಮಗಳನ್ನೆತ್ತಿಕೊಂಡು ಬಸ್ ಹತ್ತಿದಳು. ಸೀಟಿನಲ್ಲಿ ಕೂತು, ಮಗುವಿನ ಎದೆಯ ಮೇಲೆ ಅಂಗೈಯಿಟ್ಟು ಬಡಿತ ಎಣಿಸತೊಡಗಿದಳು.