ಜಿಲ್ಫಾ ನೋಡುತ್ತಿದ್ದುದು

ಈ ಶನಿವಾರವೂ ಜಿಲ್ಫಾ ಅವನ ಎಡಗೈಯನ್ನೇ ನೋಡಿದಳು. ಕ್ವಾಕೋ ಕೈಯನ್ನು ಏಪ್ರನ್ನಿನ ಹಿಂದೆ ಸರಿಸಿಕೊಂಡ.

ಫಿಲಡೆಲ್ಫಿಯಾದ ಆ ಓಣಿಯಲ್ಲಿ ಅವನು ಕುರ್ಚಿಯ ಚೌಕಟ್ಟು ಮಾಡುತ್ತಿದ್ದ. ಅವಳು ವಾರಕ್ಕೊಮ್ಮೆ ಬಂದು ಒಯ್ದು, ಜೊಂಡುಹುಲ್ಲಿನಿಂದ ಕೂರುವ ಜಾಗ ಹೆಣೆದು ತರುತ್ತಿದ್ದಳು. ಹೊರಡುವಾಗ ಅವಳ ಕಣ್ಣು ಒಂದು ಗಳಿಗೆ ಅವನ ಕೈಮೇಲೆ ಇಳಿಯುತ್ತಿತ್ತು. ಅವನು ಗಮನಿಸಿದೊಡನೆ ಹುಲ್ಲಿನ ಕಡೆ ಜಾರುತ್ತಿತ್ತು. ತುಟಿಯಂಚಿನಲ್ಲಿ ಏನೋ ತಡೆದುಕೊಂಡ ಹಾಗೆ. ಬೇರೆ ಯಾರಾದರೂ ಆ ನೋಟಕ್ಕೆ ಮನಸೋಲುತ್ತಿದ್ದರು. ಕ್ವಾಕೋ ಮಾತ್ರ ಹೆದರುತ್ತಿದ್ದ.

ಮೂರು ವರ್ಷದ ಹಿಂದೆ ಚಾರ್ಲ್ಸ್‌ಟನ್ನಿನ ಒಡೆಯನಿಂದ ತಪ್ಪಿಸಿಕೊಂಡು ಬಂದ ಗುಲಾಮ ಅವನು. ಒಡೆಯ ಪತ್ರಿಕೆಯಲ್ಲಿ ಹಾಕಿಸಿದ್ದ ಗುರುತು: ಒಳ್ಳೆಯ ಬಡಗಿ, ಎಡಗೈ ಕಿರುಬೆರಳು ಅರ್ಧ ಇಲ್ಲ. ಹೆಸರು ಬದಲಿಸಿಕೊಂಡಿದ್ದ, ಬೆರಳನ್ನು ಏನು ಮಾಡುವುದು? ಅಂದಿನಿಂದ ಯಾರ ಮನೆಯಲ್ಲೂ ಉಂಡಿರಲಿಲ್ಲ. ಭಾನುವಾರ ಚರ್ಚಿನ ಹಾಡು ತೇಲಿಬಂದರೆ ಕಿಟಕಿ ಮುಚ್ಚುತ್ತಿದ್ದ. ಇಲ್ಲದಿದ್ದರೆ ಹೋಗಿ ಜೊತೆಗೆ ಹಾಡಬೇಕೆನಿಸುತ್ತಿತ್ತು.

ಬುಧವಾರ, ಊರು ಬಿಡಲು ಉಳಿ ಸುತ್ತಿಗೆ ಗಂಟು ಕಟ್ಟುತ್ತಿದ್ದಾಗ ಜಿಲ್ಫಾ ಏದುಸಿರು ಬಿಡುತ್ತ ಬಂದಳು.

"ಎಲ್ಲಿಗೆ ಹೊರಟೆ?"

"ನಿನಗ್ಯಾಕೆ? ನನ್ನ ಬೆರಳು ನೋಡಿ ನೋಡಿ ಯಾರಿಗೆ ಸುದ್ದಿ ಮುಟ್ಟಿಸ್ತಿದ್ದೀಯ?"

ಅವಳು ಕಕ್ಕಾಬಿಕ್ಕಿಯಾದಳು. ಆಮೇಲೆ ನಕ್ಕಳು.

"ಬೆರಳಾ? ಅಯ್ಯೋ ಪೆದ್ದ! ನಿನ್ನ ಅಂಗಿ ತೋಳಿನ ಗುಂಡಿ ನೋಡ್ತಿದ್ದೆ. ಕಿತ್ತುಹೋಗಿ ಎಷ್ಟು ವಾರ ಆಯ್ತು! ಹೆಂಡ್ತಿ ಇದ್ದಿದ್ರೆ ಹೊಲೀತಿದ್ಲು. ಈ ವಾರಾನೂ ಯಾರೂ ಹೊಲಿದಿಲ್ಲ ಅಂತ ಖುಷಿಪಟ್ಕೊಂಡು ಹೋಗ್ತಿದ್ದೆ."

ಕ್ವಾಕೋ ಕೈಲಿದ್ದ ಉಳಿ ಕೆಳಗಿಟ್ಟ.

"ನಗೋಕೆ ಹೊತ್ತಿಲ್ಲ," ಎಂದಳು ಅವಳೇ. "ಹಡಗುಕಟ್ಟೆ ಹತ್ರ ಒಬ್ಬ ಬಿಳಿಯ ಬಂದಿದಾನೆ. ಮೊಂಡುಬೆರಳಿನ ಬಡಗಿ ಎಲ್ಲಿ ಅಂತ ಕೇಳ್ತಿದಾನೆ. ಅದನ್ನ ಹೇಳೋಕೇ ಓಡಿಬಂದೆ."

"ಹೇಳಿದ್ದು ಗೊತ್ತಾದ್ರೆ ನಿನ್ನೂ ಬಿಡಲ್ಲ."

"ನನ್ನನ್ನ ಹುಡುಕೋರೂ ಇದಾರೆ. ಮೇರಿಲ್ಯಾಂಡಿನ ಒಡೆಯನಿಂದ ತಪ್ಪಿಸ್ಕೊಂಡು ದೋಣೀಲಿ, ಜೊಂಡಿನ ರಾಶಿ ಕೆಳಗೆ ಮಲಗಿ ಬಂದವಳು ನಾನು. ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ."

ಅವನು ಉಳಿಯನ್ನು ಗಂಟಿಗೆ ಸೇರಿಸಿ ಬಿಗಿದ.

"ಶನಿವಾರ ಬಂತು ಅಂದ್ರೆ ಬೆಳಗ್ಗೆಯಿಂದ ಬಾಗಿಲೇ ನೋಡ್ತಿದ್ದೆ, ಜಿಲ್ಫಾ. ಭಯಕ್ಕೆ ಅಂದ್ಕೊಂಡಿದ್ದೆ. ಬರೀ ಭಯಕ್ಕಲ್ಲ. ಬಾಸ್ಟನ್‌ಗೆ ಹೋಗ್ತಿದೀನಿ. ಬರ್ತೀಯಾ?"

"ಬರ್ತೀನಿ. ಆದ್ರೆ ಜೋಡಿಯಾಗಿ ನಡೆದ್ರೆ ಕಣ್ಣಿಗೆ ಬೀಳ್ತೀವಿ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ. ತಿರುಗಿ ನೋಡಬೇಡ."

ಅವನು ನೋಡಲಿಲ್ಲ. ಊರು ಮುಗಿದು ಹೊಲಗಳ ನಡುವಿನ ದಾರಿ ಶುರುವಾಯಿತು. ಇಷ್ಟು ಕಾಲ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿದರೆ ಓಟ ಕೀಳುತ್ತಿದ್ದವನು, ಅಂದು ಆ ಸಪ್ಪಳ ಕ್ಷೀಣವಾದಾಗಲೆಲ್ಲ ನಡಿಗೆ ನಿಧಾನ ಮಾಡಿದ.