ಮಾತು ಶುರು ಮಾಡುವ ಕ್ಲಾಸು

"ನನ್ನ ನೋಡಿ ಯಾಕ್ರೀ ನಗ್ತೀರಾ?"

ಶಿವರಂಜನಿ ಸಿಟ್ಟಿನಲ್ಲಿ ಕನ್ನಡದಲ್ಲೇ ಕೇಳಿಬಿಟ್ಟಳು. ಚೆನ್ನೈನ ತ್ರಿಪ್ಲಿಕೇನ್‌ನಲ್ಲಿ, ಮೆಸ್ಸೊಂದರ ಮಹಡಿಯ ಮೇಲೆ, ದೊಡ್ಡವರಿಗೆಂದು ನಡೆಯುವ ಇಂಗ್ಲಿಷ್ ಕ್ಲಾಸಿನ ಮೊದಲ ಭಾನುವಾರ ಅದು. ಪಕ್ಕದಲ್ಲಿರುವ ಅಪರಿಚಿತರ ಜೊತೆ ಮಾತು ಶುರು ಮಾಡಿ ಎಂದು ಚಂದ್ರಮತಿ ಟೀಚರ್ ಹೇಳಿದ್ದರು. ಅವಳು ತಡವರಿಸುತ್ತಾ ಹೆಸರು, ಊರು ಹೇಳಿದ್ದಳು. ಅಷ್ಟಕ್ಕೇ ಪಕ್ಕದಲ್ಲಿ ಕೂತಿದ್ದ ಆತ ನಕ್ಕಿದ್ದ.

"ನಂಜನಗೂಡು ಅಂದ್ರಲ್ಲ... ನಮ್ಮ ಕಡೆಯವರು ಸಿಕ್ಕಿದ್ರು ಅಂತ ಖುಷಿ ಆಯ್ತು."

ಅವನ ಹೆಸರು ವಿಶ್ವಾರಾಧ್ಯ. ಚೆನ್ನೈನದೇ ಮಣಲಿಯ ಕಾರ್ಖಾನೆಯೊಂದರಲ್ಲಿ ಕೆಲಸ.

ಅವಳ ಸಿಟ್ಟು ಇಳಿಯಲಿಲ್ಲ. ಮದುವೆಯಾದ ಆರು ವರ್ಷವೂ ಗಂಡ ತನ್ನ ಆಫೀಸಿನವರೆದುರು ಅವಳ ಇಂಗ್ಲಿಷನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಆ ನಗು ಸಾಕಾಗಿ ಅವಳು ಮನೆ ಬಿಟ್ಟಿದ್ದಳು. ಈಗ ಇದೇ ಚೆನ್ನೈನ ಪೆರುಂಗುಡಿಯ ಲೇಡೀಸ್ ಹಾಸ್ಟೆಲ್ಲಿನಲ್ಲಿ ವಾರ್ಡನ್. ದೂರದ ರಾಜ್ಯಗಳಿಂದ ಬರುವ ಹೊಸ ಹುಡುಗಿಯರ ಹತ್ತಿರ ನಾಲ್ಕು ಮಾತಾಡಲು ಬಾರದೆ ಒದ್ದಾಡುತ್ತಿದ್ದಳು.

ಟೀಚರ್ ಪ್ರತಿವಾರ ಅವರಿಬ್ಬರನ್ನೇ ಜೋಡಿ ಮಾಡಿದರು. ಬಿಸಿಲು, ಬಸ್ಸು, ತಿಂಡಿ... ಅವನೂ ಅವಳಷ್ಟೇ ತಡವರಿಸುತ್ತಿದ್ದ. ತಪ್ಪಾದಾಗ ಇಬ್ಬರೂ ಸೇರಿ ನಗತೊಡಗಿದರು. ಭಾನುವಾರಕ್ಕಾಗಿ ಕಾಯುತ್ತಿದ್ದೇನೆ ಎಂದು ಗೊತ್ತಾದಾಗ ಅವಳಿಗೆ ತನ್ನ ಮೇಲೇ ಕೋಪ ಬಂತು.

ಆರನೆಯ ವಾರ ಮೆಟ್ಟಿಲ ಬಳಿ ಅವನ ದನಿ ಕೇಳಿಸಿತು. ಫೋನಿನಲ್ಲಿ ಎಲ್ಲೂ ತಡೆಯಿಲ್ಲದೆ, ಪಟಪಟನೆ ಇಂಗ್ಲಿಷ್!

'ಎಲ್ಲಾ ನಾಟಕ... ನನ್ನ ತಪ್ಪು ನೋಡಿ ಮಜಾ ತಗೊಳ್ಳೋಕೆ ಬಂದಿದ್ದಾನೆ...'

ಕ್ಲಾಸಿನಲ್ಲಿ ಎಲ್ಲರೆದುರೇ ಅವನನ್ನು ಬೈದಳು. ಮೋಸಗಾರ ಎಂದಳು. ಅವನು ಬಾಯಿ ತೆರೆದಾಗಲೆಲ್ಲ ಅವಳ ದನಿ ಏರಿತು. ಕೊನೆಗೆ ಅವನು ಬ್ಯಾಗೆತ್ತಿಕೊಂಡು ಇಳಿದು ಹೋದ.

ಆಮೇಲೆ ಟೀಚರ್ ನಿಜ ಹೇಳಿದರು. ಅವನು ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ವಾಲ್ವ್, ಪಂಪ್, ಪ್ರೆಶರ್ ಎಂದು ಹದಿನಾಲ್ಕು ವರ್ಷ ಆಡಿದ ಅದೇ ಮಾತುಗಳು ಬಾಯಿಪಾಠ; ಫೋನಿನಲ್ಲಿ ಅವಳು ಕೇಳಿದ್ದೂ ಅವನ್ನೇ. ಹೊಸಬರೊಬ್ಬರು ಎದುರು ಕೂತರೆ ಹೇಗಿದ್ದೀರಿ ಎಂದು ಕೇಳುವಷ್ಟೂ ಬಾರದು. ಕ್ಲಾಸಿಗೆ ಸೇರುವಾಗಲೇ ಟೀಚರಿಗೆ ಇದನ್ನು ಹೇಳಿದ್ದನಂತೆ.

ಎರಡು ಭಾನುವಾರ ಅವನು ಬರಲಿಲ್ಲ. ಗಂಡ ನನಗೆ ಮಾಡಿದ್ದನ್ನೇ ನಾನು ಇನ್ನೊಬ್ಬರಿಗೆ ಮಾಡಿದೆನಲ್ಲ... ಆ ಯೋಚನೆ ಅವಳನ್ನು ನಿದ್ದೆ ಮಾಡಲು ಬಿಡಲಿಲ್ಲ. ಟೀಚರಿಂದ ನಂಬರ್ ಇಸಿದುಕೊಂಡು ಫೋನ್ ಮಾಡಿ, ಸಂಜೆ ಮರೀನಾ ಬೀಚಿಗೆ ಬರಲು ಹೇಳಿದಳು. ಅವನು ಬಂದ. ಮುಖ ಬಿಗಿದಿತ್ತು.

"ತಪ್ಪು ನಂದು, ಕ್ಷಮಿಸಿ" ಎಂದಳು. ಮರುಕ್ಷಣವೇ ದನಿ ಗಡುಸಾಯಿತು. "ಆದ್ರೆ ನೀವ್ಯಾಕೆ ಓಡಿಹೋದ್ರಿ? ನಿಂತು ಜಗಳ ಆಡೋಕಾಗ್ತಿರಲಿಲ್ವಾ?"

"ನನಗೂ ಕೋಪ ಬಂದಿತ್ತು ರೀ. ಬೇರೆ ಯಾರಾದ್ರೂ ಅಂದಿದ್ರೆ ಅಲ್ಲೇ ಬೈದುಬಿಡ್ತಿದ್ದೆ. ನೀವು ನನ್ನ ಮೋಸಗಾರ ಅಂದ್ರಲ್ಲ... ತಡ್ಕೊಳೋಕಾಗ್ಲಿಲ್ಲ."

"ನಾನು ಅಂದ್ರೆ ಏನಾಯ್ತು?"

ಅವನು ಸಮುದ್ರದ ಕಡೆ ನೋಡಿದ.

"ಮೊದಲೆರಡು ವಾರ ಇಂಗ್ಲಿಷ್ ಕಲಿಯೋಕೆ ಬಂದೆ. ಆಮೇಲೆ ಬಂದಿದ್ದೆಲ್ಲ ನಿಮಗೋಸ್ಕರ."

ಅವಳ ಕಣ್ಣು ತುಂಬಿತು. ಆದರೂ ಹುಬ್ಬು ಗಂಟಿಕ್ಕಿಯೇ ಇತ್ತು.

"ಈಗ ಇನ್ನೂ ಜಾಸ್ತಿ ಕೋಪ ಬರ್ತಿದೆ ನನಗೆ."

"ಯಾಕೆ?"

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

ಅವನು ಕರ್ಚೀಫು ಹಾಸಿ ಮರಳ ಮೇಲೆ ಜಾಗ ಮಾಡಿದ. "ಎಷ್ಟು ಬೈಬೇಕೋ ಬೈಯ್ರಿ. ಕೂತ್ಕೊಂಡು, ನಿಧಾನಕ್ಕೆ ಬೈಯ್ರಿ."

ಅವಳು ಅವನ ಪಕ್ಕದಲ್ಲಿ ಕೂತಳು.