ಬೊಂಬೆಯ ನಾಡಿ

ನಾನು ನೈರೋಬಿಯಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ನಾಡಿ ನೋಡುವ ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಫೇಲಾಗಿದ್ದೆ. ಮತ್ತೆ ಫೇಲಾದರೆ ಒಂದು ವರ್ಷ ಹೋಗುತ್ತಿತ್ತು. ಹಾಗಾಗಿ ಪರೀಕ್ಷೆಯ ಹಿಂದಿನ ದಿನ, ಎಲ್ಲರೂ ಊಟಕ್ಕೆ ಹೋದಾಗ, ನಾನೊಬ್ಬಳೇ ಲ್ಯಾಬಿನಲ್ಲಿ ಉಳಿದೆ.

ಅಭ್ಯಾಸಕ್ಕೆಂದು ಮಂಚದ ಮೇಲೆ ಮಲಗಿಸಿದ್ದ ರಬ್ಬರ್ ಬೊಂಬೆಯ ಮಣಿಕಟ್ಟು ಹಿಡಿದೆ. ಬೆಚ್ಚಗಿತ್ತು. ನಾಡಿ ನಿಮಿಷಕ್ಕೆ ನಲವತ್ತು ಬಡಿಯುತ್ತಿತ್ತು. ಮತ್ತೆ ಎಣಿಸಿದಾಗ ಮೂವತ್ತೆರಡಕ್ಕೆ ಇಳಿದಿತ್ತು.

“ಆಂಟಿ, ಇದರ ನಾಡಿ ಬಡಿಸೋ ಮೆಷಿನ್ ಸ್ವಲ್ಪ ಸರಿ ಮಾಡ್ತೀರಾ?” ಎಂದು ಕೂಗಿದೆ.

ಲ್ಯಾಬ್ ನೋಡಿಕೊಳ್ಳುವ ಓಲಿಂಡಾ ಆಂಟಿ ಮಂಗಳೂರಿನವರು, ಇಪ್ಪತ್ತು ವರ್ಷ ಐಸಿಯುನಲ್ಲಿ ನರ್ಸ್ ಆಗಿದ್ದವರು. “ಎಂಥ ಮೆಷಿನ್ ಮಾರಾಯ್ತಿ? ಅದು ರಿಪೇರಿಗೆ ಹೋಗಿ ತಿಂಗಳಾಯ್ತು,” ಎಂದು ನಗುತ್ತ ಬಂದು ಮಣಿಕಟ್ಟು ಹಿಡಿದರು. ನಗು ಅಲ್ಲೇ ನಿಂತಿತು. ಇನ್ನೊಂದು ಕೈಯಿಂದ ನನ್ನನ್ನು ಹಿಂದೆ ಸರಿಸಿದರು.

ಹೊರಗೆ ಮಟಾಟು ವ್ಯಾನುಗಳ ಹಾರ್ನ್ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಆಂಟಿ ಮಣಿಕಟ್ಟು ಬಿಟ್ಟು, ಶಿಲುಬೆಯ ಗುರುತು ಮಾಡಿಕೊಂಡು ಗಡಿಯಾರ ನೋಡಿದರು.

“ಒಂದು ನಲವತ್ತಕ್ಕೆ ನಾಡಿ ನಿಂತಿತು. ಬರ್ಕೋ.”

ನನ್ನ ಅಭ್ಯಾಸದ ಪುಸ್ತಕದಲ್ಲಿ ಬರೆದುಕೊಂಡೆ. ಅವರು ಬಿಳಿ ಬಟ್ಟೆ ತಂದು ಅದರ ಮುಖ ಮುಚ್ಚಿದರು.

ಮರುದಿನ ಪಾಸಾದೆ. ಆ ಪುಟದಲ್ಲಿ ಸಮಯದ ಮುಂದೆ ರೋಗಿಯ ಹೆಸರಿನ ಜಾಗ ಇಂದಿಗೂ ಖಾಲಿಯಿದೆ.